ಕನ್ನಡಿಯ ಹಿಂದಿನ ಚೀಟಿ

ಅಮ್ಮ ನನ್ನ ತಲೆಗೆ ಎಣ್ಣೆ ಹಚ್ಚುವುದನ್ನು ನಿಲ್ಲಿಸಿದಾಗ ನಾನು ನಾಲ್ಕನೇ ಕ್ಲಾಸಿನಲ್ಲಿದ್ದೆ. ಯಾಕೆ ನಿಲ್ಲಿಸಿದಳೆಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕಾರಣ ನನಗೆ ಗೊತ್ತಿತ್ತು. ನನ್ನ ಕೈಯಿಂದಾದ ಒಂದು ತಪ್ಪಿನಿಂದ ಹಿತ್ತಿಲಾಚೆಯ ಗಿರಿಜಕ್ಕನ ಮಗು ಸತ್ತಿತ್ತು, ಅದು ಅಮ್ಮನಿಗೆ ತಿಳಿದುಹೋಗಿತ್ತು. ಹಾಗೆಂದೇ ನಂಬಿಕೊಂಡು ಹತ್ತಿರ ಹತ್ತಿರ ಐವತ್ತು ವರ್ಷ ಬದುಕಿದ್ದೇನೆ. ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗಿ ನೋಡುವವಳು ನಾನು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ವಾಪಸು ಬಂದದ್ದೂ ಉಂಟು. ಬ್ರಹ್ಮಾವರದ ಶಾಲೆಯಲ್ಲಿ ಟೀಚರಾಗಿದ್ದಾಗ ಮಕ್ಕಳ ಮಾರ್ಕನ್ನು ಕೂಡಿ, ಮತ್ತೆ ಕೂಡಿ, ಪಕ್ಕದ ಟೀಚರಿಗೂ ಕೊಟ್ಟು ಕೂಡಿಸುತ್ತಿದ್ದೆ. ನನ್ನ ಗಂಡ ಇದನ್ನು ಹುಟ್ಟುಗುಣವೆಂದು ತಮಾಷೆ ಮಾಡುತ್ತಾರೆ. ಹುಟ್ಟುವಾಗ ನಾನು ಹೀಗಿರಲಿಲ್ಲ. ಬಿಜೂರಿನ ನಮ್ಮ ಮನೆಯಲ್ಲಿ, ಒಂದು ಬೆಳಗ್ಗೆ, ಅರ್ಧ ಜಡೆ ಹಾಕಿಕೊಂಡು ನಿಂತಾಗ ಹೀಗಾದೆ.

ಆ ಮನೆಯಲ್ಲಿ ನಾಲ್ಕು ಜನ ಮತ್ತು ಒಂದು ಕಾರು. ಕಾರಿನ ಕೊಟ್ಟಿಗೆ ಅಡುಗೆಮನೆಯ ಗೋಡೆಗೆ ಒತ್ತಿಕೊಂಡೇ ಇತ್ತು. ಮೊದಲು ಅಲ್ಲಿ ದನ ಕಟ್ಟುತ್ತಿದ್ದರಂತೆ. ಅಪ್ಪಯ್ಯ ಹಳೆಯ ಅಂಬಾಸಿಡರ್ ತಂದು ಟ್ಯಾಕ್ಸಿ ಓಡಿಸಲು ಶುರುಮಾಡಿದಾಗ ದನವನ್ನು ಚಪ್ಪರಕ್ಕೆ ಅಟ್ಟಿ ಕಾರನ್ನು ಒಳಗೆ ಕಟ್ಟಿದರು, ಹಾಗೆ ಹೇಳಿ ಅಮ್ಮ ನಗುತ್ತಿದ್ದಳು. ಗೋಡೆಯ ಆ ಕಡೆ ಪೆಟ್ರೋಲಿನ ವಾಸನೆ, ಈ ಕಡೆ ಮೀನುಸಾರಿನದು. ಬೆಳಗ್ಗೆ ಅಪ್ಪಯ್ಯ ಗಂಜಿ ಉಂಡು, ಬಾಯಿ ಮುಕ್ಕಳಿಸಿ, ಬೀಗದ ಕೈ ಹಿಡಿದು ಕೊಟ್ಟಿಗೆಗೆ ಹೋದರೆಂದರೆ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ತೊಟ್ಟಿಲಿನ ಪ್ರಾಯದ ತಮ್ಮ ಸತೀಶ ಕೂಡ ಸುಮ್ಮನಾಗುತ್ತಿದ್ದ ಎಂದು ನನ್ನ ನೆನಪು, ಅದು ನನ್ನ ಕಲ್ಪನೆಯೂ ಇರಬಹುದು. ಇಂಜಿನ್ ಎರಡು ಸಲ ಕೆಮ್ಮಿ ಹಿಡಿದುಕೊಂಡರೆ ಅಮ್ಮನ ಕೈ ಮತ್ತೆ ಓಡಾಡುತ್ತಿತ್ತು. ನಾಲ್ಕನೇ ಸಲವೂ ಹಿಡಿಯದಿದ್ದರೆ ಕಾವಲಿಯ ದೋಸೆ ಕರಟುತ್ತಿತ್ತು, ಆಮೇಲೆ ಗೋಡೆಯಾಚೆಯಿಂದ ಅಪ್ಪಯ್ಯನ ಕರೆ ಬರುತ್ತಿತ್ತು.

"ಹ್ವಾಯ್, ಒಂಚೂರ್ ಬಾ ಕಾಂಬ. ಕಿಡಿ ಬತ್ತಿಲ್ಲ."

ಆ ಕರೆ ಅಮ್ಮನಿಗೆ. ಇದು ಊರಿಗೆ ಗೊತ್ತಿಲ್ಲದ ನಮ್ಮ ಮನೆಯ ಗುಟ್ಟು. ಹಳೆಯ ಕಾರುಗಳಲ್ಲಿ ಇಂಜಿನ್ನಿಗೆ ಕಿಡಿ ಸಿಗಬೇಕಾದರೆ ಪಾಯಿಂಟ್ ಎನ್ನುವ ಎರಡು ಪುಟ್ಟ ಲೋಹದ ಬೊಟ್ಟುಗಳು ಒಂದಕ್ಕೊಂದು ತಾಗಿ ಬಿಡುತ್ತಿರಬೇಕು. ಬಿಟ್ಟಾಗ ನಡುವೆ ಉಳಿಯುವ ಸಂದು ಇಷ್ಟೇ ಎಂದು ಲೆಕ್ಕ. ಕಡಿಮೆಯಾದರೆ ಬೊಟ್ಟು ಸುಡುತ್ತದೆ, ಹೆಚ್ಚಾದರೆ ಕಿಡಿ ಸೋಲುತ್ತದೆ. ನಮ್ಮದು ಕಡಲ ಬದಿಯ ಊರು, ಉಪ್ಪುಗಾಳಿಗೆ ಬೊಟ್ಟುಗಳು ವಾರಕ್ಕೊಮ್ಮೆ ಕಪ್ಪಾಗುತ್ತಿದ್ದವು. ಅವನ್ನು ಉಜ್ಜಿ, ಸಂದು ಸರಿಮಾಡಿ, ಸ್ಕ್ರೂ ಬಿಗಿಯಬೇಕು. ಅಪ್ಪಯ್ಯನಿಗೆ ದೂರದ ನಾವುಂದದ ತಿರುವಿನಲ್ಲಿ ಬರುವ ಬಸ್ಸಿನ ಬೋರ್ಡು ಓದಲಾಗುತ್ತಿತ್ತು, ತನ್ನ ಬೆರಳ ತುದಿಯ ಸ್ಕ್ರೂ ಕಾಣುತ್ತಿರಲಿಲ್ಲ. ಅಮ್ಮ ಒಂದೇ ಸಲಕ್ಕೆ ಸೂಜಿಗೆ ನೂಲು ಪೋಣಿಸುವವಳು. ಹಾಗಾಗಿ ಕಾರು ಬಿಡುವುದು ಅವರು, ಕಿಡಿ ಬರಿಸುವುದು ಇವಳು ಎಂದಾಯಿತು. ಕನ್ನಡಕ ಹಾಕಿದ್ದರೆ ಈ ರಗಳೆಯೇ ಇರಲಿಲ್ಲ. ಅದಕ್ಕಾಗಿ ಇಬ್ಬರಲ್ಲಿ ನಡೆದ ಜಗಳವನ್ನು ನಾನು ನೂರು ಸಲ ಕೇಳಿದ್ದೇನೆ.

"ಒಂದ್ ಕನ್ನಡ್ಕ ಹಾಕ್ಕಂಡ್ರೆ ಎಂತ ಆತ್ತ್ ನಿಮ್ಗೆ?"

"ಕನ್ನಡ್ಕದ ಡ್ರೈವರ್ ಕಾರಿಗೆ ಯಾರ್ ಕೂಕಂತ್ರ್? ಕಣ್ ಕಾಣ್ದವ ಗಾಡಿ ಬಿಡ್ತ ಅಂಬ್ರ್."

"ಹೆಂಡ್ತಿ ರಿಪೇರಿ ಮಾಡು ಕಾರ್ ಅಂದೇಳಿ ಗೊತ್ತಾರೆ ಕೂಕಂತ್ರಾ?"

"ಅದ್ಕೇ ಬಾಯ್ ಮುಚ್ಕಂಡ್ ಮಾಡ್ ಅಂದದ್."

ಸಂದು ಅಳೆಯಲು ಮೆಕ್ಯಾನಿಕ್ಕುಗಳ ಹತ್ತಿರ ಉಕ್ಕಿನ ತೆಳು ಎಲೆಗಳಿರುತ್ತವೆ. ನಮ್ಮಲ್ಲಿ ಇದ್ದದ್ದು ಒಂದು ಮದುವೆ ಕಾಗದದ ಚೂರು. ಯಾರದೋ ಮದುವೆಯ ಹಳದಿ ರಟ್ಟಿನ ಕರೆಯೋಲೆ. ಕುಂದಾಪುರದ ಮೆಕ್ಯಾನಿಕ್ ಒಬ್ಬರು ಅಳೆದು ನೋಡಿ, ಇದರ ದಪ್ಪ ಸರಿಯಾಗಿದೆ, ಇದನ್ನೇ ಇಟ್ಟುಕೊಳ್ಳಿ ಎಂದಿದ್ದರಂತೆ. ಅಮ್ಮ ಅದನ್ನು ಬೆರಳಗಲಕ್ಕೆ ಕತ್ತರಿಸಿ ಜಗಲಿಯ ಒಳಗಿನ ಚಾವಡಿಯ ಕನ್ನಡಿಯ ಹಿಂದೆ ಸಿಕ್ಕಿಸಿದ್ದಳು. ಪಾಯಿಂಟಿನ ನಡುವೆ ಆ ಚೀಟಿ ಬಿಗಿಯೂ ಅಲ್ಲದೆ ಸಡಿಲವೂ ಅಲ್ಲದೆ ಜಾರಿದರೆ ಕೆಲಸ ಮುಗಿಯಿತು. ಚೀಟಿಯ ಮೇಲ್ತುದಿಯಲ್ಲಿ ಚಿನ್ನದ ಬಣ್ಣದ ಒಂದು ಗಣಪತಿ ಇತ್ತು. ಅದು ಅಲ್ಲಿ ಇರದಿದ್ದರೆ ನನ್ನ ಬಾಳು ಬೇರೆಯಾಗಿರುತ್ತಿತ್ತು.

ಆಗ ನಮ್ಮ ಕ್ಲಾಸಿನ ಹುಡುಗಿಯರಿಗೆ ಮದುವೆ ಕಾಗದದ ಚಿತ್ರ ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸುವ ಹುಚ್ಚು. ನವಿಲು, ಕಳಶ, ಕೈ ಹಿಡಿದ ವಧುವರರು. ಚಿನ್ನದ ಗಣಪತಿ ಯಾರಲ್ಲೂ ಇರಲಿಲ್ಲ. ತೋರಿಸಿ ಸಂಜೆ ತಂದಿಟ್ಟರಾಯಿತು ಎಂದು ಚೀಟಿಯನ್ನು ಒಯ್ದೆ. ಶಾಲೆಯಲ್ಲಿ ಎಲ್ಲರೂ ಬಾಯಿ ಬಿಟ್ಟು ನೋಡಿದಾಗ ನನಗೆ ಅಟ್ಟ ಹತ್ತಿದ ಹಾಗಾಯಿತು, ಅನ್ನದ ಅಗುಳು ತಿಕ್ಕಿ ಅಂಟಿಸಿಯೇಬಿಟ್ಟೆ. ಸಂಜೆ ಬಿಡಿಸಲು ಹೋದರೆ ಪುಟವೇ ಕಿತ್ತು ಬಂತು. ಮನೆಯಲ್ಲಿದ್ದ ಇನ್ನೊಂದು ಹಳದಿ ಕಾಗದ ಹುಡುಕಿ, ಅದೇ ಅಳತೆಗೆ ಕತ್ತರಿಸಿ, ಅಂಚಿಗೆ ಕಾಡಿಗೆ ಹಚ್ಚಿ ಕೊಳೆ ಮಾಡಿ ಕನ್ನಡಿಯ ಹಿಂದೆ ಸಿಕ್ಕಿಸಿದೆ. ಗಣಪತಿ ಇದ್ದ ತುದಿ ಗೋಡೆಯ ಕಡೆ ತಿರುಗಿರುತ್ತದೆ, ಯಾರು ನೋಡುತ್ತಾರೆ ಎಂಬ ಧೈರ್ಯ. ಈ ಕಾಗದ ಸ್ವಲ್ಪ ತೆಳು ಎಂದು ಕೈಗೆ ಗೊತ್ತಾಗಿತ್ತು. ಸ್ವಲ್ಪ ತಾನೆ ಎಂದುಕೊಂಡೆ.

ಮೂರು ದಿನ ಏನೂ ಆಗಲಿಲ್ಲ. ನಾಲ್ಕನೇ ದಿನ ಬೆಳಗ್ಗೆ ಅಮ್ಮ ಕನ್ನಡಿಯ ಮುಂದೆ ನನ್ನನ್ನು ಕೂರಿಸಿಕೊಂಡು ತಲೆಗೆ ತೆಂಗಿನೆಣ್ಣೆ ತಿಕ್ಕುತ್ತಿದ್ದಳು. ಅಮ್ಮ ಎಣ್ಣೆ ಹಚ್ಚುವುದೆಂದರೆ ಬುರುಡೆಯೊಳಗಿನ ಸಿಟ್ಟೆಲ್ಲ ಇಳಿಯಬೇಕು, ಹಾಗೆ ತಿಕ್ಕುತ್ತಿದ್ದಳು. ಆ ದಿನ ನಾನು ಶಾಲೆಗೆ ತಡವಾಯಿತೆಂದು ಗೊಣಗುತ್ತಿದ್ದೆ. ಬಲಗಡೆಯ ಜಡೆ ಮುಗಿದು ರಿಬ್ಬನ್ ಕಟ್ಟಿಯಾಗಿತ್ತು. ಆಗ ಗಿರಿಜಕ್ಕನ ಗಂಡ ಅಂಗಳಕ್ಕೆ ಓಡಿ ಬಂದ.

"ಹ್ವಾಯ್ ಅಣ್ಣಾ, ಗಿರಿಜೆಗೆ ನೋವ್ ಶುರು ಆಯ್ತ್. ಬೇಗ ಕುಂದಾಪ್ರಕ್ಕ್ ಹೋಯ್ಕ್."

ಗಿರಿಜಕ್ಕ ಮೀನು ಮಾರುವವಳು, ಆಗ ತುಂಬು ಬಸುರಿ. ಗಂಗೊಳ್ಳಿಯಿಂದ ಬುಟ್ಟಿ ಹೊತ್ತು ಬಂದು ನಮ್ಮ ಜಗಲಿಯಲ್ಲಿ ಇಳಿಸಿ, ಮೊದಲು ನನ್ನ ಗಲ್ಲ ಹಿಂಡಿ ಆಮೇಲೆ ನೀರು ಕೇಳುವವಳು. ಅಪ್ಪಯ್ಯ ಕೊಟ್ಟಿಗೆಗೆ ಓಡಿದರು. ಇಂಜಿನ್ ಕೆಮ್ಮಿತು. ಮತ್ತೆ ಕೆಮ್ಮಿತು. ಹಿಡಿಯಲಿಲ್ಲ. ಗೋಡೆಯಾಚೆಯಿಂದ ಕರೆ ಬಂದಾಗ ಅಮ್ಮ ಜಡೆ ಬಿಟ್ಟು ಎದ್ದು, ಸೆರಗಿಗೆ ಕೈ ಒರೆಸಿ, ಕನ್ನಡಿಯ ಹಿಂದೆ ಕೈ ಹಾಕಿ ಚೀಟಿ ತೆಗೆದುಕೊಂಡು ಹೋದಳು. ಆ ಕ್ಷಣ ನಾನು ಬಾಯಿ ಬಿಡಬೇಕಿತ್ತು. ಅಮ್ಮ, ಅದು ಬೇರೆ ಚೀಟಿ ಎಂದರೆ ಮುಗಿಯುತ್ತಿತ್ತು. ಎಡಗಡೆಯ ಕೂದಲು ಬಿಚ್ಚಿಕೊಂಡು ನಾನು ಬಾಗಿಲಲ್ಲಿ ನಿಂತಿದ್ದೆ. ಸ್ವಲ್ಪ ಹೊತ್ತಿನಲ್ಲಿ ಇಂಜಿನ್ ಹಿಡಿಯಿತು. ಗಿರಿಜಕ್ಕನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಕಾರು ಗದ್ದೆಯಂಚಿನ ದಾರಿ ದಾಟಿ ಹೋಯಿತು. ಕಾರು ಸ್ಟಾರ್ಟ್ ಆದದ್ದಕ್ಕೆ ಅಷ್ಟು ಖುಷಿ ನನಗೆ ಅದರ ಮೊದಲು ಆಗಿರಲಿಲ್ಲ.

ಮರವಂತೆಯಲ್ಲಿ ನಿಂತಿತು. ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ, ನಡುವೆ ರಸ್ತೆ. ಅಪ್ಪಯ್ಯ ಪಾಯಿಂಟಿನ ಮುಚ್ಚಳ ತೆಗೆದು ಕಾಣದ ಕಣ್ಣಿನಲ್ಲಿ ತಡಕಾಡಿದರು, ಆಗಲಿಲ್ಲ. ಕುಂದಾಪುರದ ಕಡೆ ಹೊರಟಿದ್ದ ಮೀನಿನ ಲಾರಿಯೊಂದನ್ನು ಅಡ್ಡಹಾಕಿ ಗಿರಿಜಕ್ಕನನ್ನು ಹತ್ತಿಸಿ ಕಳಿಸಿದರು. ಗಿರಿಜಕ್ಕ ಉಳಿದಳು. ಮಗು ದಕ್ಕಲಿಲ್ಲ. ಇಷ್ಟನ್ನು ಅಪ್ಪಯ್ಯ ಸಂಜೆ ಜಗಲಿಯಲ್ಲಿ ಕೂತು ಹೇಳಿದರು. ನಾನು ಒಳಗೆ ಹೋಗಿ ಕನ್ನಡಿಯ ಹಿಂದೆ ನೋಡಿದೆ. ಚೀಟಿ ಇರಲಿಲ್ಲ. ಅಮ್ಮ ಅದನ್ನು ನೋಡಿ, ಗುರುತು ಹಿಡಿದು, ಎತ್ತಿಟ್ಟಿದ್ದಾಳೆ ಎಂದು ನನಗೆ ಖಾತ್ರಿಯಾಯಿತು. ಮರುದಿನ ಬೆಳಗ್ಗೆ ಎಣ್ಣೆ ಬಾಟಲಿ, ಬಾಚಣಿಗೆ ಹಿಡಿದು ಕೂತೆ. ಅಮ್ಮ ಅಡುಗೆಮನೆಯ ಬಾಗಿಲಿನಿಂದ ಈಚೆ ಬರಲೇ ಇಲ್ಲ. ನಮ್ಮ ಕಡೆ ಹುಡುಗಿಯರನ್ನು ಕರೆಯುವಂತೆ ಹೆಣೆ ಎಂದು ಅಲ್ಲಿಂದಲೇ ಕರೆದು ಹೇಳಿದಳು.

"ಇನ್ಮೇಲೆ ನೀನೇ ಹಚ್ಕೋ ಹೆಣೆ. ದೊಡ್ಡವ್ಳ್ ಆದೆ ನೀನ್."

ಒಂಬತ್ತು ವರ್ಷದವಳಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇಕಿರಲಿಲ್ಲ. ಬೈದಿದ್ದರೆ, ಬರೆ ಹಾಕಿದ್ದರೆ ತಪ್ಪೊಪ್ಪಿ ಅತ್ತು ಹಗುರಾಗುತ್ತಿದ್ದೆ. ಅಮ್ಮ ಊಟ ಬಡಿಸಿದಳು, ಜ್ವರ ಬಂದಾಗ ಹಣೆಗೆ ಬಟ್ಟೆ ಹಾಕಿದಳು, ನನ್ನ ಮದುವೆಯ ದಿನ ಹೂ ಮುಡಿಸಿದಳು. ತಲೆಗೆ ಎಣ್ಣೆ ಮಾತ್ರ ಹಚ್ಚಲಿಲ್ಲ. ಅವಳು ಒಗ್ಗರಣೆಗೆ ಎಣ್ಣೆ ಹಾಕುವಾಗಲೂ ಬಾಟಲಿಯನ್ನು ಸೆರಗಿನಲ್ಲಿ ಹಿಡಿಯುತ್ತಿದ್ದಳು, ಆಮೇಲೆ ಬಾರ್ ಸೋಪಿನಲ್ಲಿ ಮೊಣಕೈವರೆಗೆ ತೊಳೆಯುತ್ತಿದ್ದಳು. ಅದನ್ನು ನಾನು ಶುಚಿಯ ಹುಚ್ಚು ಎಂದುಕೊಂಡೆ. ಕುಂಬಳಕಾಯಿ ಕಳ್ಳನಿಗೆ ತನ್ನ ಹೆಗಲು ಬಿಟ್ಟು ಬೇರೆ ಏನು ಕಂಡೀತು? ಗಿರಿಜಕ್ಕ ತಿಂಗಳ ಮೇಲೆ ಮತ್ತೆ ಬುಟ್ಟಿ ಹೊತ್ತು ಬಂದಳು. ನಾನೇ ಹಾಕಿಕೊಂಡ ಸೊಟ್ಟ ಜಡೆಯನ್ನು ನೋಡಿ ನಕ್ಕು, ಬಿಚ್ಚಿ, ಸರಿಯಾಗಿ ಹೆಣೆದು ಕೊಟ್ಟಳು. ಅವಳ ಮೀನುವಾಸನೆಯ ಬೆರಳು ನನ್ನ ಕೂದಲಲ್ಲಿ ಓಡಾಡುವಾಗ ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು. ಅವಳಿಗೆ ಆಮೇಲೆ ಇಬ್ಬರು ಮಕ್ಕಳಾದರು. ಅವಳು ತೀರಿಕೊಂಡು ಎಂಟು ವರ್ಷವಾಯಿತು. ಅವಳಿಗೆ ನಾನು ಹೇಳಲೇ ಇಲ್ಲ.

ಅಪ್ಪಯ್ಯ ಹೋದ ಮೇಲೂ ಕಾರು ಮನೆಯಲ್ಲಿ ಉಳಿಯಿತು. ಸತೀಶ ಅದನ್ನು ತೊಳೆದು ಒರೆಸಿ ವಾರಕ್ಕೊಮ್ಮೆ ಬೈಂದೂರಿನವರೆಗೆ ಓಡಿಸುತ್ತಾನೆ. ಅಮ್ಮ ಎಂಬತ್ತು ದಾಟಿದರೂ, ಕಣ್ಣಿನ ಪೊರೆ ತೆಗೆಸಿಕೊಂಡು ಬಂದ ಮೇಲೂ, ಪಾಯಿಂಟಿನ ಸಂದು ತಾನೇ ನೋಡಬೇಕೆಂದು ಹಟ ಮಾಡುತ್ತಿದ್ದಳು. ಮೊನ್ನೆ ಸತೀಶನ ಮಗಳು ಅಶ್ವಿನಿಯ ಮದುವೆ ಗೊತ್ತಾಯಿತು. ಮದುವೆ ಕುಂದಾಪುರದ ಕಲ್ಯಾಣಮಂಟಪದಲ್ಲಿ. ಅಜ್ಜಯ್ಯನ ಕಾರಿನಲ್ಲೇ ಹೋಗುವುದೆಂದು ಹುಡುಗಿ ಕುಣಿದಳು. ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲವಂತೆ.

"ಮದ್ಮಗ್ಳ್ ಆ ಕಾರಗೆ ಕೂಕಂಡ್ ಹೋಪುದ್ ಬ್ಯಾಡ. ಮರವಂತೆ ದಾಟ್ಕ್ ಅದ್."

"ಅಮ್ಮಾ, ಆ ಪಾಯಿಂಟೇ ತೆಗ್ಸಿ ಹಾಕ್ತೆ. ಈಗ ಎಲೆಕ್ಟ್ರಾನಿಕ್ ಬತ್ತತ್ತ್. ಅದ್ ಹಾಕ್ರೆ ಮತ್ ನಿಲ್ಲುದೇ ಇಲ್ಲ."

ಸತೀಶ ಹೀಗೆ ಸಮಾಧಾನ ಹೇಳಿದರೂ ನನಗೂ ಒಳಗೊಳಗೆ ಅಮ್ಮನಿಗಿದ್ದ ಭಯವೇ. ಮದುವೆಗೆ ಹದಿನೈದು ದಿನ ಇರುವಾಗಲೇ ಬಿಜೂರಿಗೆ ಹೊರಟು ಬಂದೆ. ಸತೀಶ ಕುಂದಾಪುರದಿಂದ ಉದಯ ಎಂಬ ಮೆಕ್ಯಾನಿಕ್ಕನ್ನು ಕರೆಸಿದ್ದ. ಒಂದು ಚಿಕ್ಕ ಪೆಟ್ಟಿಗೆಯಲ್ಲಿ ಎಲ್ಲ ಸಾಮಾನು. ಒಂದು ಬಳೆಯಂಥ ಅಯಸ್ಕಾಂತ, ಹೆಬ್ಬೆರಳಿನಷ್ಟು ಕಪ್ಪು ತುಂಡು, ಎರಡು ವೈರು. ಅಮ್ಮ ಕೊಟ್ಟಿಗೆಯ ಬಾಗಿಲಲ್ಲಿ ಸ್ಟೂಲು ಹಾಕಿಸಿಕೊಂಡು ಕೂತಳು. ಉದಯ ಮುಚ್ಚಳ ಬಿಚ್ಚಿ, ಪಾಯಿಂಟನ್ನು ಕಳಚಿ ಹಳೆ ಪೇಪರಿನ ಮೇಲಿಟ್ಟ. ಇಷ್ಟು ಚಿಕ್ಕದೇ ಎಂದುಕೊಂಡೆ. ನನ್ನ ನೆನಪಿನಲ್ಲಿ ಅದು ಇನ್ನೂ ದೊಡ್ಡದಿತ್ತು. ಅಯಸ್ಕಾಂತವನ್ನು ನಡುವಿನ ಕಂಬಕ್ಕೆ ತೊಡಿಸಿ, ಕಪ್ಪು ತುಂಡನ್ನು ಪಕ್ಕಕ್ಕೆ ಕೂರಿಸಿದ ಮೇಲೆ ಒಂದು ಪ್ಲಾಸ್ಟಿಕ್ ಪಟ್ಟಿ ಹಿಡಿದು ನನ್ನ ಕಡೆ ಚಾಚಿದ.

"ಅಕ್ಕ, ಇದನ್ ಮಧ್ಯದಗೆ ಒಂಚೂರ್ ಹಿಡ್ಕಣಿ. ಇದ್ಕೂ ಒಂದ್ ಸಂದ್ ಇತ್ತ್. ಒಂದ್ಸಲ ಸರಿ ಮಾಡಿರ್ ಆಯ್ತ್, ಮತ್ ಮುಟ್ಟುದೇ ಬ್ಯಾಡ."

ನಾನು ಕೈ ಹಿಂದೆ ಎಳೆದುಕೊಂಡೆ, ಪಟ್ಟಿ ಕೆಳಗೆ ಬಿತ್ತು. ಸತೀಶ ಎತ್ತಿ ಹಿಡಿದ. ಅಷ್ಟರಲ್ಲಿ ಅಮ್ಮ ಕೇಳಿದಳು.

"ಇದ್ಕೆ ಎಣ್ಣಿ ತಾಗ್ರೆ ಎಂತ ಆತ್ತ್?"

"ಎಂತ ಎಣ್ಣಿ ಅಮ್ಮ? ಇಂಜಿನ್ ಆಯಿಲಾ?"

"ಅಲ್ಲ. ತೆಂಗಿನೆಣ್ಣಿ. ತಲಿಗ್ ಹಚ್ಚುದ್."

ಉದಯ ನಕ್ಕುಬಿಟ್ಟ.

"ತಲಿ ಎಣ್ಣಿ ಇಲ್ಲಿಗೆಂತಕ್ ಬತ್ತತ್ತ್? ಬಂದ್ರೂ ಎಂತದೂ ಆತಿಲ್ಲ."

"ಎಂತದೂ?"

"ಎಂತದೂ."

ವಯಸ್ಸಾದವರ ಮಾತು ಎಂದುಕೊಂಡೆವು. ಮೊದಲ ಸಲ ಕೀಲಿ ತಿರುಗಿಸಿದಾಗ ಇಂಜಿನ್ ಹಿಡಿಯಲಿಲ್ಲ. ಅಮ್ಮ ಸ್ಟೂಲಿನಿಂದ ಎದ್ದೇಬಿಟ್ಟಳು. ಬ್ಯಾಟರಿಯ ಒಂದು ತಂತಿ ಸಡಿಲವಿತ್ತು, ಅಷ್ಟೇ. ಬಿಗಿದು ತಿರುಗಿಸಿದ ಕೂಡಲೇ ಕೆಮ್ಮದೆ, ತೊದಲದೆ, ಒಂದೇ ಉಸಿರಿಗೆ ಹಿಡಿಯಿತು. ಮರವಂತೆಯವರೆಗೆ ಹೋಗಿ ನೋಡಿ ಬರುತ್ತೇವೆಂದು ಸತೀಶ, ಉದಯ ಇಬ್ಬರೂ ಹೊರಟರು. ಜಗಲಿಯಲ್ಲಿ ಅಮ್ಮ ಮತ್ತು ನಾನು ಉಳಿದೆವು. ಮುಕ್ಕಾಲು ಗಂಟೆಯಲ್ಲಿ ಬರಬೇಕಿತ್ತು. ಒಂದು ಗಂಟೆಯಾಯಿತು. ಸತೀಶನ ಫೋನ್ ರಿಂಗಾಗುತ್ತಿದೆ, ಎತ್ತುತ್ತಿಲ್ಲ. ಅಮ್ಮ ಗದ್ದೆಯಂಚಿನ ದಾರಿಯನ್ನೇ ನೋಡುತ್ತ ಕೂತಿದ್ದಳು. ಗಿರಿಜಕ್ಕನನ್ನು ಕರೆದೊಯ್ದ ಆ ದಿನವೂ ಬೆಳಗ್ಗೆಯಿಂದ ಸಂಜೆಯವರೆಗೆ ಹೀಗೆಯೇ ಕೂತಿದ್ದಳು. ನನ್ನಿಂದ ಇನ್ನು ತಡೆಯಲಾಗಲಿಲ್ಲ. ಚೀಟಿಯ ಕತೆಯನ್ನೆಲ್ಲ ಹೇಳಿದೆ. ಗಣಪತಿ, ಅನ್ನದ ಅಗುಳು, ಕಾಡಿಗೆ, ತೆಳು ಕಾಗದ. ಹೇಳಿ ಮುಗಿಸುವಷ್ಟರಲ್ಲಿ ಅಳುತ್ತಿದ್ದೆ.

"ನಿಂಗ್ ಗೊತ್ತಿತ್ತಲ್ದಾ ಅಮ್ಮ? ಅದ್ಕೇ ಅಲ್ದಾ ನನ್ ತಲಿಗ್ ಎಣ್ಣಿ ಹಚ್ಚುದ್ ಬಿಟ್ಟದ್?"

ಅಮ್ಮ ದಾರಿಯಿಂದ ಕಣ್ಣು ತೆಗೆದು ನನ್ನ ಕಡೆ ತಿರುಗಿದಳು.

"ಯಾವ್ ಚೀಟಿ ಹೆಣೆ? ಅದನ್ ನಿನ್ ಅಪ್ಪಯ್ಯ ಕಿಸೆಗೆ ಹಾಕ್ಕಂಡ್ ಹೋಯಿದ್ರ್. ಮರವಂತೆ ಗಾಳಿಗ್ ಹಾರಿ ಹೋಯ್ತ್ ಅಂದ್ರ್. ಬದ್ಲಾದ್ದ್ ನಂಗೆಂತ ಗೊತ್ತ್?"

"ಮತ್ ಎಂತಕ್?"

"ಎಣ್ಣಿ ಕೈ ಮಾರಾಯ್ತಿ. ನಿನ್ ತಲಿ ತಿಕ್ದ ಕೈಯಗೇ ಹೋಯಿ ಪಾಯಿಂಟ್ ಮುಟ್ದೆ. ಸೋಪ್ ಹಾಕಿ ತೊಳುಕೆ ಪುರ್ಸೊತ್ತ್ ಇರ್ಲಿಲ್ಲ. ಪಾಯಿಂಟಿಗೆ ಎಣ್ಣಿ ತಾಗ್ಬಾರ್ದ್, ಅಷ್ಟ್ ಗೊತ್ತಿದ್ದ್ ಮುಟ್ದೆ ನಾನ್. ಗಿರಿಜೆ ಮಗಿನ್ ಕೊಂದದ್ ನನ್ ಕೈ. ಆ ಮೇಲೆ ಎಣ್ಣಿ ಕಂಡ್ರೇ ಹೆದ್ರಿಕೆ."

ಆಮೇಲೆ ನಡೆದದ್ದನ್ನು ಯಾರಾದರೂ ನೋಡಿದ್ದರೆ ನಕ್ಕಿರುತ್ತಿದ್ದರು. ತಪ್ಪು ನನ್ನದು ಎಂದು ನಾನು, ಅಲ್ಲ ನನ್ನದು ಎಂದು ಅಮ್ಮ. ಇಬ್ಬರು ಮುದುಕಿಯರು ಒಂದು ಕೊಡಪಾನಕ್ಕೆ ಜಗಳಾಡುವ ಹಾಗೆ ಆ ತಪ್ಪನ್ನು ಆಚೆ ಈಚೆ ಎಳೆದಾಡಿದೆವು. ತೆಳು ಚೀಟಿಯೋ, ಎಣ್ಣೆಯೋ, ಉಪ್ಪುಗಾಳಿಯೋ, ಕಾರು ನಿಲ್ಲದಿದ್ದರೆ ಮಗು ಉಳಿಯುತ್ತಿತ್ತೋ, ಯಾರೂ ಇನ್ನು ಹೇಳಲಾರರು. ನನಗೆ ಹಗುರಾಯಿತು ಎಂದರೆ ಸುಳ್ಳು. ಹೊಟ್ಟೆ ಉರಿದದ್ದು ಬೇರೆಯದಕ್ಕೆ. ಒಂದೇ ಮನೆಯಲ್ಲಿ, ಒಂದೇ ಚಾಪೆಯಲ್ಲಿ ಮಲಗಿ, ಅವಳು ನನ್ನ ತಲೆಯ ಎಣ್ಣೆಗೆ ಹೆದರಿದ್ದಳು, ನಾನು ಅವಳನ್ನು ಕಂಡು ಹೆದರಿದ್ದೆ.

ಆಗ ಕಾರಿನ ಸದ್ದು ಕೇಳಿಸಿತು. ಅಂಗಳಕ್ಕೆ ಬಂದು ನಿಂತ ಸತೀಶ ಒಂದು ಚೀಲ ಬಂಗುಡೆ ಹಿಡಿದು ಇಳಿದ. ಗಾಡಿ ಅಷ್ಟು ಚೆನ್ನಾಗಿ ಓಡುವುದನ್ನು ಕಂಡು ಗಂಗೊಳ್ಳಿಯವರೆಗೂ ಹೋದರಂತೆ, ಮೀನು ಸಿಕ್ಕಿತಂತೆ, ಫೋನು ಸೀಟಿನ ಸಂದಿಯಲ್ಲಿ ಬಿದ್ದಿತ್ತಂತೆ. ಅವನಿಗೆ ನಾನು ಬೈದ ಬೈಗುಳಕ್ಕೆ ಉದಯ ಎರಡು ಹೆಜ್ಜೆ ಹಿಂದೆ ಸರಿದ. ಅಮ್ಮ ಬೈಯಲಿಲ್ಲ. ಇಳಿದು ಹೋಗಿ ಕಾರಿನ ಬಿಸಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು. ಆಮೇಲೆ ಉದಯನನ್ನು ಮತ್ತೊಮ್ಮೆ ಕೇಳಿದಳು.

"ಇನ್ ನಾನ್ ಇದ್ರೊಳ್ಗೆ ಕೈ ಹಾಕುದೇ ಬ್ಯಾಡ ಅಲ್ದಾ?"

"ಬ್ಯಾಡ ಅಮ್ಮ. ಆರಾಮ ಕೂಕಣಿ ನೀವ್."

ಅಮ್ಮ ಒಳಗೆ ಹೋದಳು. ಚಾವಡಿಯಿಂದ ಕರೆದಳು. ಹೋದರೆ, ಕನ್ನಡಿಯ ಮುಂದೆ ಮಣೆ ಹಾಕಿ, ತಾನು ಹಿಂದೆ ಕುರ್ಚಿಯಲ್ಲಿ ಕೂತಿದ್ದಳು. ಬಾಟಲಿಯನ್ನು ಸೆರಗಿಲ್ಲದೆ ಹಿಡಿದಿದ್ದಳು. ನನ್ನದೀಗ ಬೆರಳೆಣಿಕೆಯ ಬಿಳಿಕೂದಲು, ಬೇಡ ಎಂದೆ. ಅವಳು ಕೇಳಲಿಲ್ಲ. ಅಂಗೈಯಲ್ಲಿ ಎಣ್ಣೆ ಸುರಿದುಕೊಂಡು, ಎರಡೂ ಕೈ ತಿಕ್ಕಿ, ನೆತ್ತಿಗೆ ಹಚ್ಚಿದಳು. ಆಮೇಲೆ ನಡುವೆ ಬೈತಲೆ ತೆಗೆದು, ಎಡಗಡೆಯ ಜಡೆ ಹೆಣೆಯಲು ಶುರುಮಾಡಿದಳು.